ಮನೆಯೊಳಗಿನ ಪುಟ್ಟ ತೋಟಕ್ಕೆ ಗ್ರೋ ಲೈಟ್: ಅಳೆಯುವುದು, ಆರಿಸುವುದು, ಅಪ್‌ಗ್ರೇಡ್ ಮಾಡುವುದು

ನನ್ನ ಮೊದಲ ಟೊಮೆಟೊ ಸಸಿಗಳು ಹತ್ತೇ ದಿನದಲ್ಲಿ ಒಂದು ಗೇಣು ಎತ್ತರ ಬಂದಿದ್ದವು. ಎಷ್ಟು ಚೆನ್ನಾಗಿ ಬರುತ್ತಿವೆ ಅಂತ ದಿನಾ ಹೋಗಿ ನೋಡುತ್ತಿದ್ದೆ. ಹನ್ನೊಂದನೇ ದಿನ ಬೆಳಿಗ್ಗೆ ನೋಡಿದರೆ ಎಲ್ಲವೂ ಮಲಗಿಬಿಟ್ಟಿದ್ದವು. ಕಾಂಡ ದಾರದಷ್ಟು ಸಣ್ಣ. ಎಲೆಗಳು ತಿಳಿಹಳದಿ. ಪಾಪ, ಬೆಳಕು ಹುಡುಕಿಕೊಂಡು ಮೈಯನ್ನು ಎಳೆದು ಎಳೆದು ಸೋತಿದ್ದವು.

ಅವುಗಳ ಮೇಲೆ ನೇತಾಡುತ್ತಿದ್ದ ನೇರಳೆ ಗ್ರೋ ಲೈಟಿನ, ಅಂದರೆ ಗಿಡ ಬೆಳೆಸಲೆಂದೇ ಮಾಡಿದ ಲೈಟಿನ, ಡಬ್ಬದ ಮೇಲೆ 1000 ವ್ಯಾಟ್ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಆಮೇಲೆ ಪ್ಲಗ್‌ಗೆ ಸಿಕ್ಕಿಸುವ ವ್ಯಾಟ್ ಮೀಟರ್ ತಂದು ನೋಡಿದೆ. ಅದು ನಿಜವಾಗಿ ಎಳೆಯುತ್ತಿದ್ದದ್ದು 96 ವ್ಯಾಟ್. ಅದನ್ನೂ ನಾನು ಗಿಡಗಳಿಂದ ಒಂದು ಮೀಟರ್ ಮೇಲೆ ಕಟ್ಟಿದ್ದೆ.

ಆ ಸಸಿಗಳ ನಂತರ ನಾನು ಒಂದು ಕ್ರಮ ಇಟ್ಟುಕೊಂಡಿದ್ದೇನೆ. ಲೈಟ್ ಎಷ್ಟು ವ್ಯಾಟ್, ಎಷ್ಟು ದೊಡ್ಡದು, ಯಾವ ಬಣ್ಣ ಅಂತ ಮೊದಲು ಕೇಳುವುದಿಲ್ಲ. ಎಲೆಯ ಮೇಲೆ ಎಷ್ಟು ಬೆಳಕು ಬೀಳುತ್ತಿದೆ, ನನ್ನ ಗಿಡಕ್ಕೆ ಎಷ್ಟು ಬೇಕು ಅಂತ ಕೇಳುತ್ತೇನೆ. ಈ ಎರಡು ಸಂಖ್ಯೆ ಕೈಯಲ್ಲಿದ್ದರೆ ಅಂಗಡಿಯಲ್ಲಿ ಯಾರೂ ನಿಮ್ಮನ್ನು ದಾರಿ ತಪ್ಪಿಸಲಾರರು. ಇಲ್ಲಿ ಹೇಳುವುದೆಲ್ಲ ಸೊಪ್ಪು, ತುಳಸಿ ಜಾತಿಯ ಗಿಡಗಳು, ಮೆಣಸಿನಕಾಯಿ, ಟೊಮೆಟೊ ಇಂಥವನ್ನು ಒಂದು ಶೆಲ್ಫ್‌ನಲ್ಲೋ ಕೋಣೆಯ ಮೂಲೆಯಲ್ಲೋ ಬೆಳೆಯುವವರಿಗಾಗಿ.

ಮೊದಲು ಗಿಡದ ಹಸಿವು ತಿಳಿಯಿರಿ

ನಮ್ಮ ಕಣ್ಣು ಬೆಳಕಿನ ವಿಷಯದಲ್ಲಿ ಸರಿಯಾದ ಸಾಕ್ಷಿ ಅಲ್ಲ. ಕತ್ತಲಾದರೆ ಪಾಪೆ ಹಿಗ್ಗುತ್ತದೆ, ಬಿಸಿಲಿಗೆ ಹೋದರೆ ಕುಗ್ಗುತ್ತದೆ. ಹಾಗಾಗಿ ಎರಡು ಕಡೆಯೂ ಬೆಳಕು ಸಾಕಷ್ಟಿದೆ ಅನಿಸುತ್ತದೆ. ಕಣ್ಣಿಗೆ ಕಾಣುವ ಬೆಳಕನ್ನು ಲಕ್ಸ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಮಟಮಟ ಮಧ್ಯಾಹ್ನದ ಬಿಸಿಲು ಸುಮಾರು 1,00,000 ಲಕ್ಸ್. ನಾವು ಆರಾಮಾಗಿ ಓದುವ ಕೋಣೆಯ ಬೆಳಕು ಸುಮಾರು 300 ಲಕ್ಸ್. ನಮಗೆ ಬೆಳಕು ಅನಿಸುವ ಆ ಕೋಣೆ ಗಿಡಕ್ಕೆ ಕತ್ತಲೆಯೇ.

ಗಿಡದ ಲೆಕ್ಕ ಬೇರೆ. ಅದು ಬೆಳಕಿನ ಕಣಗಳನ್ನು, ಅಂದರೆ ಫೋಟಾನ್‌ಗಳನ್ನು ಎಣಿಸುತ್ತದೆ. 400ರಿಂದ 700 ನ್ಯಾನೊಮೀಟರ್ ತರಂಗಾಂತರದ ಫೋಟಾನ್‌ಗಳು ಅದರ ಊಟ. ಇಲ್ಲಿ ಮೂರು ಅಳತೆ ನೆನಪಿಡಿ. ಇಡೀ ಲೈಟ್‌ನಿಂದ ಸೆಕೆಂಡಿಗೆ ಹೊರಬೀಳುವ ಫೋಟಾನ್‌ಗಳ ಒಟ್ಟು ಮೊತ್ತ ಪಿಪಿಎಫ್. ಗಿಡದ ತಲೆಯ ಮಟ್ಟದಲ್ಲಿ ಒಂದು ಚದರ ಮೀಟರ್ ಜಾಗಕ್ಕೆ ಸೆಕೆಂಡಿಗೆ ಬೀಳುವುದು ಪಿಪಿಎಫ್‌ಡಿ. ಎರಡಕ್ಕೂ ಮೈಕ್ರೊಮೋಲ್ ಎಂಬ ಮಾನ. ಒಂದು ಇಡೀ ದಿನದಲ್ಲಿ ಆ ಜಾಗಕ್ಕೆ ಬಿದ್ದ ಒಟ್ಟು ಬೆಳಕು ಡಿಎಲ್‌ಐ. ಅದನ್ನು ಮೋಲ್‌ನಲ್ಲಿ ಹೇಳುತ್ತಾರೆ, ಹತ್ತು ಲಕ್ಷ ಮೈಕ್ರೊಮೋಲ್ ಸೇರಿದರೆ ಒಂದು ಮೋಲ್.

ಮಳೆಯ ಹಾಗೆ ಯೋಚಿಸಿದರೆ ಸುಲಭ. ಅರ್ಧ ಗಂಟೆಯ ಬಿರುಮಳೆಗೂ ದಿನವಿಡೀ ಜಿನುಗುವ ಸೋನೆಗೂ ಅಂಗಳದಲ್ಲಿಟ್ಟ ಕೊಡ ಒಂದೇ ಮಟ್ಟಕ್ಕೆ ತುಂಬಬಹುದು, ಅಲ್ವಾ? ಪಿಪಿಎಫ್‌ಡಿ ಅಂದರೆ ಮಳೆಯ ಬಿರುಸು. ಡಿಎಲ್‌ಐ ಅಂದರೆ ಸಂಜೆಗೆ ಕೊಡದಲ್ಲಿ ನಿಂತ ನೀರು. ಗಿಡ ಬದುಕುವುದು ಕೊಡದ ನೀರಿನ ಮೇಲೆ. ಅದಕ್ಕೇ ಲೈಟ್ ಸ್ವಲ್ಪ ಸಣ್ಣದಾದರೂ ಹೆಚ್ಚು ಹೊತ್ತು ಉರಿಸಿ ಸರಿದೂಗಿಸಬಹುದು, ಒಂದು ಮಿತಿಯವರೆಗೆ.

ಲೆಕ್ಕದ ಸೂತ್ರ ಇಷ್ಟೇ: ಪಿಪಿಎಫ್‌ಡಿಯನ್ನು ಲೈಟ್ ಉರಿಯುವ ಗಂಟೆಗಳಿಂದ ಗುಣಿಸಿ, ಬಂದದ್ದನ್ನು 0.0036ರಿಂದ ಗುಣಿಸಿ. ಡಿಎಲ್‌ಐ ಸಿಗುತ್ತದೆ.

ಯಾವ ಗಿಡಕ್ಕೆ ಎಷ್ಟು? ಮೈಕ್ರೊಗ್ರೀನ್ಸ್ (ಎಳೆ ಸಸಿಯಿರುವಾಗಲೇ ಕತ್ತರಿಸಿ ತಿನ್ನುವ ಸೊಪ್ಪು) ಮತ್ತು ಆಗತಾನೆ ಮೊಳೆತ ಸಸಿಗಳಿಗೆ ದಿನಕ್ಕೆ 6ರಿಂದ 10 ಮೋಲ್ ಸಾಕು. ಲೆಟಿಸ್ ಮತ್ತು ಇತರ ಸೊಪ್ಪುಗಳು 12ರಿಂದ 17ರಲ್ಲಿ ಹಿಡಿ ತುಂಬ ಬರುತ್ತವೆ. ಬೇಸಿಲ್, ಪುದೀನದಂಥವೂ ಹತ್ತಿರ ಹತ್ತಿರ ಅಷ್ಟೇ. ಹೂ ಬಿಟ್ಟು ಕಾಯಿ ಕಚ್ಚಬೇಕಾದ ಮೆಣಸಿನಕಾಯಿ, ಟೊಮೆಟೊಗಳಿಗೆ 20ರಿಂದ 30 ಬೇಕು. ಅರೆಬರೆ ಬೆಳಕಿನಲ್ಲಿ ಈ ಗಿಡಗಳು ಸಾಯುವುದಿಲ್ಲ. ಎಲೆ ಬಿಡುತ್ತವೆ, ಹೂವನ್ನೂ ಬಿಡುತ್ತವೆ. ಆದರೆ ಹೂ ಉದುರುತ್ತದೆ, ಕಾಯಿ ನಿಲ್ಲುವುದಿಲ್ಲ. ನಾವು ಗೊಬ್ಬರ ಕಡಿಮೆಯಾಯಿತೇನೋ ಅಂತ ಇನ್ನಷ್ಟು ಹಾಕಿ ಬೇರು ಸುಡುತ್ತೇವೆ.

ಹಾಗಾಗಿ ಮೊದಲ ಕೆಲಸ: ಏನು ಬೆಳೆಯುತ್ತೀರಿ ಎಂದು ನಿರ್ಧರಿಸಿ, ಆ ಜಾಗದ ಉದ್ದಗಲವನ್ನು ಟೇಪ್ ಹಿಡಿದು ಅಳೆದು ಬರೆದಿಡಿ. ಎತ್ತರವನ್ನೂ ಅಳೆಯಿರಿ. ಕುಂಡದ ಎತ್ತರ, ಬೆಳೆದ ಗಿಡದ ಎತ್ತರ, ಗಿಡಕ್ಕೂ ಲೈಟ್‌ಗೂ ನಡುವಿನ ಅಂತರ, ಲೈಟ್‌ನ ದಪ್ಪ, ಇವೆಲ್ಲ ಸೇರಬೇಕು. ಇದನ್ನು ಮರೆತು ಮೆಣಸಿನ ಗಿಡವನ್ನು ಗಿಡ್ಡ ಶೆಲ್ಫ್‌ನಲ್ಲಿಟ್ಟರೆ ಎರಡು ತಿಂಗಳಲ್ಲಿ ಅದರ ಕುಡಿ ಲೈಟ್‌ಗೆ ತಾಗುತ್ತದೆ.

ಈಗ ಇರುವ ಬೆಳಕನ್ನು ಅಳೆಯಿರಿ

ಹೊಸದು ಕೊಳ್ಳುವ ಮುಂಚೆ ಇರುವುದನ್ನು ಅಳೆಯಿರಿ. ನೀವು ಈಗಾಗಲೇ ಒಂದು ಲೈಟ್ ಇಟ್ಟುಕೊಂಡಿದ್ದರೆ ಈ ಹೆಜ್ಜೆಯನ್ನು ದಯವಿಟ್ಟು ಬಿಡಬೇಡಿ. ಎಷ್ಟೋ ಸಲ ಲೈಟ್ ಸರಿಯಾಗೇ ಇರುತ್ತದೆ, ಕಟ್ಟಿದ ಜಾಗ ಮಾತ್ರ ತಪ್ಪಿರುತ್ತದೆ.

ಫೋಟಾನ್ ಎಣಿಸುವ ಕ್ವಾಂಟಮ್ ಮೀಟರ್ ಇದ್ದರೆ ಒಳ್ಳೆಯದು. ಆದರೆ ಅದು ದುಬಾರಿ ಉಪಕರಣ, ನಾಲ್ಕು ಕುಂಡಗಳಿಗಾಗಿ ಕೊಳ್ಳಿ ಎಂದು ನಾನು ಹೇಳುವುದಿಲ್ಲ. ಬಿಳಿ ಎಲ್‌ಇಡಿ ಲೈಟ್ ಆಗಿದ್ದರೆ ಫೋನ್‌ನ ಲಕ್ಸ್ ಮೀಟರ್ ಆ್ಯಪ್ ಅಥವಾ ಒಂದು ಸಾದಾ ಲಕ್ಸ್ ಮೀಟರ್ ಸಾಕು. ಬಂದ ಲಕ್ಸ್ ಸಂಖ್ಯೆಯನ್ನು ಸುಮಾರು 65ರಿಂದ 70ರ ನಡುವಿನ ಸಂಖ್ಯೆಯಿಂದ ಭಾಗಿಸಿದರೆ ಪಿಪಿಎಫ್‌ಡಿ ಹತ್ತಿರಕ್ಕೆ ಬರುತ್ತದೆ. ನಾನು 67 ಹಿಡಿಯುತ್ತೇನೆ. 16,000 ಲಕ್ಸ್ ತೋರಿಸಿದರೆ ಸುಮಾರು 240 ಮೈಕ್ರೊಮೋಲ್. ಬಿಸಿಲಿಗಾದರೆ ಸುಮಾರು 54ರಿಂದ ಭಾಗಿಸಬೇಕು. ಫೋನ್‌ನ ಸೆನ್ಸರ್ ಕರಾರುವಾಕ್ಕಾದ ಉಪಕರಣ ಅಲ್ಲ, ಹಾಗಾಗಿ ಶೇಕಡ 20ರಷ್ಟು ಆಚೀಚೆ ಇರಬಹುದು ಎಂದುಕೊಂಡೇ ನೋಡಿ. ಕಡಿಮೆ ಇರುವ ಮೂಲೆ ಯಾವುದು ಎಂದು ಹುಡುಕಲು ಅಷ್ಟು ಧಾರಾಳ ಸಾಕು.

ನೇರಳೆ ಲೈಟ್‌ಗೆ ಮಾತ್ರ ಈ ಲೆಕ್ಕ ಕೆಲಸ ಮಾಡುವುದಿಲ್ಲ. ಲಕ್ಸ್ ಅಂದರೆ ಮನುಷ್ಯನ ಕಣ್ಣಿಗೆ ಕಾಣುವ ಬೆಳಕಿನ ಅಳತೆ. ನಮ್ಮ ಕಣ್ಣು ಹಗಲಲ್ಲಿ 555 ನ್ಯಾನೊಮೀಟರ್ ಸುತ್ತಲಿನ ಹಸಿರಿಗೆ ಹೆಚ್ಚು ಸ್ಪಂದಿಸುತ್ತದೆ. ಕಡುಕೆಂಪು, ನೀಲಿ ಕಡಿಮೆ ಕಾಣುತ್ತವೆ. ಹಾಗಾಗಿ ನೇರಳೆ ಲೈಟ್‌ನ ಲಕ್ಸ್ ತೀರಾ ಕಡಿಮೆ ತೋರಿಸುತ್ತದೆ.

ಅಳೆಯುವ ರೀತಿ ಹೀಗೆ. ಸಂಜೆ ಕಿಟಕಿಯ ಪರದೆ ಎಳೆಯಿರಿ, ಗ್ರೋ ಲೈಟ್ ಬಿಟ್ಟು ಬೇರೆಲ್ಲ ಆರಿಸಿ. ಲೈಟ್ ಹೊತ್ತಿಸಿ ಹದಿನೈದು ನಿಮಿಷ ಬಿಡಿ. ಕುಂಡಗಳನ್ನು ಆಚೆ ತೆಗೆದು, ಎಲೆಗಳ ತುದಿ ಯಾವ ಮಟ್ಟದಲ್ಲಿತ್ತೋ ಆ ಮಟ್ಟಕ್ಕೆ ಒಂದು ಡಬ್ಬ ಇಟ್ಟು, ಅದರ ಮೇಲೆ ಫೋನ್ ಅಂಗಾತ ಮಲಗಿಸಿ. ಜಾಗವನ್ನು ಮೂರು ಸಾಲು, ಮೂರು ಕಂಬವಾಗಿ ಮನಸ್ಸಿನಲ್ಲೇ ಒಂಬತ್ತು ಚೌಕ ಮಾಡಿ. ಪ್ರತಿ ಚೌಕದ ನಡುವೆ ಒಂದು ಅಳತೆ. ನಿಮ್ಮ ತಲೆ, ಕೈಯ ನೆರಳು ಬೀಳದಂತೆ ಹಿಂದೆ ಸರಿದು ಓದಿ.

ನನ್ನ ಶೆಲ್ಫ್‌ನ ಮೊದಲ ಕಾಗದ ಇನ್ನೂ ನನ್ನ ಹತ್ತಿರ ಇದೆ. ನಡುವಿನ ಚೌಕದಲ್ಲಿ 19,000. ಮುಂದಿನ ಎಡಮೂಲೆಯಲ್ಲಿ 6,500. ಒಂದೇ ಶೆಲ್ಫ್, ಒಂದೇ ಲೈಟ್, ಎರಡು ಕುಂಡಗಳ ನಡುವೆ ಎರಡು ಮೊಳದ ಅಂತರವೂ ಇಲ್ಲ. ಮೂಲೆಯ ಲೆಟಿಸ್ ಯಾವಾಗಲೂ ಯಾಕೆ ಸೊರಗುತ್ತಿತ್ತು ಅಂತ ಅವತ್ತು ಅರ್ಥವಾಯಿತು. ಬೀಜದ ಮೇಲೆ, ಮಣ್ಣಿನ ಮೇಲೆ ಸುಮ್ನೆ ಅನುಮಾನ ಪಟ್ಟಿದ್ದೆ.

ಡಬ್ಬದ ಮೇಲಿನ ಬರಹ ಓದುವುದು

ಹೆಚ್ಚು ಜನ ಮೋಸಹೋಗುವುದು ಇಲ್ಲೇ. ಹಾಗಾಗಿ ಇದನ್ನು ನಿಧಾನವಾಗಿ ನೋಡೋಣ.

ವ್ಯಾಟ್ ಅಂದರೆ ಲೈಟ್ ಎಳೆಯುವ ಕರೆಂಟ್, ಕೊಡುವ ಬೆಳಕು ಅಲ್ಲ. ಮೊದಲು ಹುಡುಕಬೇಕಾದದ್ದು ನಿಜವಾಗಿ ಎಳೆಯುವ ವ್ಯಾಟ್. ದಪ್ಪಕ್ಷರದಲ್ಲಿರುವ 1000, 2000 ಎಂಬ ಸಂಖ್ಯೆಗಳು ಎಷ್ಟೋ ಸಲ ಹೆಸರಿನ ಭಾಗ ಮಾತ್ರ, ಅಥವಾ ಒಳಗಿರುವ ಎಲ್‌ಇಡಿಗಳನ್ನೆಲ್ಲ ಗರಿಷ್ಠ ಶಕ್ತಿಯಲ್ಲಿ ಓಡಿಸಿದರೆ ಎಂಬ ಕಾಗದದ ಲೆಕ್ಕ. 'ಇಷ್ಟು ವ್ಯಾಟ್‌ಗೆ ಸಮಾನ' ಎಂಬ ಮಾತಿಗೂ ಬೆಲೆ ಕೊಡಬೇಡಿ. ಯಾವುದಕ್ಕೆ ಸಮಾನ, ಯಾರು ಅಳೆದರು ಎಂಬುದು ಅಲ್ಲಿರುವುದಿಲ್ಲ.

ಎರಡನೆಯದು ಪಿಪಿಎಫ್. ಅದನ್ನು ನಿಜವಾದ ವ್ಯಾಟ್‌ನಿಂದ ಭಾಗಿಸಿ. ಒಂದು ಜೂಲ್‌ ಶಕ್ತಿಗೆ ಎಷ್ಟು ಮೈಕ್ರೊಮೋಲ್ ಬೆಳಕು ಎಂಬುದು ಸಿಗುತ್ತದೆ. ಲೈಟ್‌ನ ದಕ್ಷತೆ ಅಂದರೆ ಇದೇ. ಬಂಡಿಗೆ ಮೈಲೇಜ್ ಇದ್ದ ಹಾಗೆ. ಸಿಎಫ್‌ಎಲ್ ಬಲ್ಬ್, ಟಿ5 ಟ್ಯೂಬ್‌ಲೈಟ್‌ಗಳು 0.8ರಿಂದ 1ರ ಆಸುಪಾಸು ಕೊಡುತ್ತವೆ. ದೊಡ್ಡ ಹಸಿರುಮನೆಗಳಲ್ಲಿ ಬಳಸುತ್ತಿದ್ದ 1000 ವ್ಯಾಟ್‌ನ ಒಳ್ಳೆಯ ಸೋಡಿಯಂ ದೀಪ 1.7ರ ಹತ್ತಿರ. ಸಣ್ಣ ಸೋಡಿಯಂ ದೀಪಗಳು ಅದಕ್ಕಿಂತ ಕಡಿಮೆ. ಈಗಿನ ಒಳ್ಳೆಯ ಬಿಳಿ ಎಲ್‌ಇಡಿ ಬೋರ್ಡ್‌ಗಳು 2.5ಕ್ಕಿಂತ ಮೇಲಿರುತ್ತವೆ, ಉತ್ತಮವಾದವು 3ನ್ನೂ ಮುಟ್ಟುತ್ತವೆ. ಹೊಸದು ಕೊಳ್ಳುವುದಾದರೆ 2.3ಕ್ಕಿಂತ ಕೆಳಗಿರುವುದನ್ನು ನಾನಂತೂ ಕೊಳ್ಳುವುದಿಲ್ಲ. ಪಿಪಿಎಫ್ ಎಲ್ಲೂ ಬರೆದೇ ಇಲ್ಲವಾದರೆ ಆ ಲೈಟ್ ಬಿಟ್ಟು ಮುಂದಕ್ಕೆ ಹೋಗಿ.

ಮೂರನೆಯದು ಪಿಪಿಎಫ್‌ಡಿ ನಕ್ಷೆ. ಒಳ್ಳೆಯ ಲೈಟ್‌ಗಳ ಜೊತೆ ಚೌಕಗಳಲ್ಲಿ ಸಂಖ್ಯೆ ಬರೆದ ಚಿತ್ರ ಇರುತ್ತದೆ. ಅದರಲ್ಲಿ ನಡುವಿನ ದೊಡ್ಡ ಸಂಖ್ಯೆ ನೋಡಿ ಮರುಳಾಗಬೇಡಿ. ಯಾವ ಎತ್ತರದಲ್ಲಿ ಅಳೆದಿದ್ದಾರೆ, ಎಷ್ಟು ಜಾಗಕ್ಕೆ ಅಳೆದಿದ್ದಾರೆ, ಮೂಲೆಯಲ್ಲಿ ಎಷ್ಟಿದೆ, ಇದನ್ನು ನೋಡಿ. ಲೈಟನ್ನು ಹದಿನೈದು ಸೆಂಟಿಮೀಟರ್‌ಗೆ ಇಳಿಸಿ ಅಳೆದರೆ ಯಾವ ಸಾಧಾರಣ ಲೈಟ್‌ನ ನಡುಭಾಗವೂ 1000 ದಾಟಬಹುದು. ಮೂಲೆಯ ಸಂಖ್ಯೆ ನಡುವಿನದರ ಅರ್ಧಕ್ಕಿಂತ ಕೆಳಗಿದ್ದರೆ ಆ ಲೈಟ್ ನಿಮ್ಮ ಜಾಗಕ್ಕೆ ಸಣ್ಣದು.

ಎಲ್‌ಇಡಿಯ ಹೆಸರನ್ನೂ ಜೋರಾಗಿ ಹೇಳುತ್ತಾರೆ. ಸ್ಯಾಮ್‌ಸಂಗ್‌ನ ಎಲ್‌ಎಂ301ಬಿ, ಎಲ್‌ಎಂ301ಎಚ್ ಎಂಬ ಬಿಳಿ ಎಲ್‌ಇಡಿಗಳು ಈ ಕೆಲಸಕ್ಕೆ ಹೆಸರಾದವು, ನಿಜ. ಆದರೆ ಅದೇ ಎಲ್‌ಇಡಿಗಳನ್ನು ಕಡಿಮೆ ಸಂಖ್ಯೆಯಲ್ಲಿ ಹಾಕಿ, ಒಂದೊಂದಕ್ಕೂ ಜಾಸ್ತಿ ಕರೆಂಟ್ ಹರಿಸಿದರೆ ಬಿಸಿ ಹೆಚ್ಚಿ ದಕ್ಷತೆ ಇಳಿಯುತ್ತದೆ. ಜಾಸ್ತಿ ಎಲ್‌ಇಡಿ, ಒಂದೊಂದಕ್ಕೂ ಕಡಿಮೆ ಒತ್ತಡ, ಹಿಂದೆ ದಪ್ಪ ಅಲ್ಯೂಮಿನಿಯಂ ತಗಡು: ಇದು ಒಳ್ಳೆಯ ಕಟ್ಟುವಿಕೆ. ಕರೆಂಟನ್ನು ಎಲ್‌ಇಡಿಗೆ ತಕ್ಕಂತೆ ಬದಲಿಸುವ ಡ್ರೈವರ್ ಮೇಲೂ ಕಣ್ಣಿಡಿ. ಲೈಟ್ ಕೆಟ್ಟಾಗ ಬಹಳ ಸಲ ಹೋಗಿರುವುದು ಡ್ರೈವರೇ. ಅದನ್ನು ಸ್ಕ್ರೂ ಬಿಚ್ಚಿ ಬದಲಿಸುವಂತಿದ್ದರೆ ಲೈಟ್ ವರ್ಷಗಟ್ಟಲೆ ಬಾಳುತ್ತದೆ. ಮಂದ ಮಾಡುವ ಡಿಮ್ಮರ್ ಗುಂಡಿ ಇರಲೇಬೇಕು ಎಂಬುದು ನನ್ನ ಅಭಿಪ್ರಾಯ. ಸಸಿಗೂ ಕಾಯಿ ಬಿಟ್ಟ ಗಿಡಕ್ಕೂ ಒಂದೇ ಲೈಟ್ ಬಳಸಲು ಸಾಧ್ಯವಾಗುವುದು ಅದರಿಂದಲೇ.

ಮನೆಯ ಸಾಮಾನ್ಯ ಎಲ್‌ಇಡಿ ಟ್ಯೂಬ್ ಸಾಲದೇ ಅಂತ ಹಲವರು ಕೇಳುತ್ತಾರೆ. ಸಸಿಗಳಿಗೆ, ಮೈಕ್ರೊಗ್ರೀನ್ಸ್‌ಗೆ ಸಾಕು. ಲ್ಯೂಮೆನ್ ಅಂದರೆ ಲೈಟ್‌ನಿಂದ ಹೊರಬೀಳುವ, ಕಣ್ಣಿಗೆ ಕಾಣುವ ಒಟ್ಟು ಬೆಳಕು. 20 ವ್ಯಾಟ್‌ನ ಬಿಳಿ ಟ್ಯೂಬ್ 2000 ಲ್ಯೂಮೆನ್ ಕೊಟ್ಟರೆ, ಅದನ್ನೂ 67ರಿಂದ ಭಾಗಿಸಿ: ಪಿಪಿಎಫ್ ಸುಮಾರು 30 ಮೈಕ್ರೊಮೋಲ್. ಅಂದರೆ ದಕ್ಷತೆ 1.5. ಗ್ರೋ ಲೈಟ್ ಎಂದು ಹೆಸರಿಟ್ಟ ಎಷ್ಟೋ ಅಗ್ಗದ ಲೈಟ್‌ಗಳಿಗಿಂತ ಇದು ಕಳಪೆಯೇನಲ್ಲ. ಮೊದಲ ಸಲ ಮಾಡುವವರಿಗೆ ಎರಡು ಟ್ಯೂಬ್, ಒಂದು ಟ್ರೇ ಒಳ್ಳೆಯ ಆರಂಭ.

ಬಣ್ಣದ ಬಗ್ಗೆ ಎರಡು ಮಾತು

ನೇರಳೆ ಬಣ್ಣ ಬಂದದ್ದಕ್ಕೆ ಒಂದು ಹಿನ್ನೆಲೆ ಇದೆ. ಎಲೆಯ ಹರಿತ್ತು ಕೆಂಪು ಮತ್ತು ನೀಲಿಯನ್ನು ಚೆನ್ನಾಗಿ ಹೀರುತ್ತದೆ. ಬಾಹ್ಯಾಕಾಶದಲ್ಲಿ ಗಿಡ ಬೆಳೆಯುವ ನಾಸಾದ ಪ್ರಯೋಗಗಳೂ ಕೆಂಪು, ನೀಲಿ ಎಲ್‌ಇಡಿಗಳನ್ನೇ ನೆಚ್ಚಿಕೊಂಡವು. 2014ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದ 'ವೆಜಿ' ಎಂಬ ಪುಟ್ಟ ತೋಟದಲ್ಲಿ ಕೆಂಪು, ನೀಲಿಯ ಜೊತೆ ಹಸಿರು ಎಲ್‌ಇಡಿಯೂ ಇತ್ತು. ಅದರಲ್ಲಿ ಬೆಳೆದ ಕೆಂಪು ಲೆಟಿಸನ್ನು 2015ರ ಆಗಸ್ಟ್‌ನಲ್ಲಿ ಗಗನಯಾತ್ರಿಗಳು ತಿಂದರು. ಅದನ್ನು ಓದಿದಾಗೆಲ್ಲ ನನಗೆ ಖುಷಿಯಾಗುತ್ತದೆ.

ಹಸಿರು ಬೆಳಕು ಗಿಡಕ್ಕೆ ಬೇಡ ಎಂಬ ಮಾತು ಮಾತ್ರ ನಿಜವಲ್ಲ. ಮೆಕ್‌ಕ್ರೀ ಎಂಬ ವಿಜ್ಞಾನಿ 1970ರ ದಶಕದ ಆರಂಭದಲ್ಲೇ ಹಲವು ಬೆಳೆಗಳ ಎಲೆಗಳನ್ನು ಒಂದೊಂದೇ ಬಣ್ಣದಲ್ಲಿ ಅಳೆದು ತೋರಿಸಿದರು, ಹಸಿರನ್ನೂ ಗಿಡ ಚೆನ್ನಾಗಿಯೇ ಬಳಸುತ್ತದೆ. ಅದು ಎಲೆಯ ಒಳಪದರಗಳಿಗೂ, ಕೆಳಗಿನ ಎಲೆಗಳಿಗೂ ಇಳಿಯುತ್ತದೆ.

ಹಾಗಾಗಿ 3000ದಿಂದ 4000 ಕೆಲ್ವಿನ್‌ನ (ಬಿಳಿ ಬೆಳಕಿನ ಛಾಯೆಯ ಅಳತೆ) ಬಿಳಿ, ಜೊತೆಗೆ ಸ್ವಲ್ಪ 660 ನ್ಯಾನೊಮೀಟರ್ ಕೆಂಪು ಇರುವ ಲೈಟ್ ಕೊಳ್ಳಿ. ನೀಲಿ ಹೆಚ್ಚಿದ್ದರೆ ಗಿಡ ಗಿಡ್ಡವಾಗಿ ಗಟ್ಟಿಯಾಗುತ್ತದೆ, 730 ನ್ಯಾನೊಮೀಟರ್ ಆಸುಪಾಸಿನ ದೂರಕೆಂಪು (ಕಡುಕೆಂಪಿಗೂ ಆಚೆಯ ಬೆಳಕು) ಹೆಚ್ಚಿದ್ದರೆ ಉದ್ದಕ್ಕೆ ಎಳೆಯುತ್ತದೆ. ಬಿಳಿ ಬೆಳಕಿಗೆ ಇನ್ನೊಂದು ದೊಡ್ಡ ಗುಣವಿದೆ. ಎಲೆಯ ನಿಜವಾದ ಬಣ್ಣ ಕಾಣುತ್ತದೆ. ನೇರಳೆಯಲ್ಲಿ ಹಳದಿ ಎಲೆ, ನುಸಿ, ಬೂದಿರೋಗ ಯಾವುದೂ ಸರಿಯಾಗಿ ಕಾಣುವುದಿಲ್ಲ. ಗಿಡದ ಕಷ್ಟ ನಮ್ಮ ಕಣ್ಣಿಗೆ ಬೀಳದಿದ್ದರೆ ಅದನ್ನು ನೋಡಿಕೊಳ್ಳುವುದಾದರೂ ಹೇಗೆ?

ಲೆಕ್ಕ ಹಾಕಿ ಗಾತ್ರ ಗೊತ್ತು ಮಾಡಿ

60 ಸೆಂ.ಮೀ. ಅಗಲ, 120 ಸೆಂ.ಮೀ. ಉದ್ದದ ಶೆಲ್ಫ್ ತೆಗೆದುಕೊಳ್ಳೋಣ. ಅದು 0.72 ಚದರ ಮೀಟರ್. ಲೆಟಿಸ್ ಬೆಳೆಯಬೇಕು, ದಿನಕ್ಕೆ 14 ಮೋಲ್ ಗುರಿ, ಲೈಟ್ 16 ಗಂಟೆ.

16ನ್ನು 0.0036ರಿಂದ ಗುಣಿಸಿದರೆ 0.0576. 14ನ್ನು ಅದರಿಂದ ಭಾಗಿಸಿದರೆ ಸುಮಾರು 243. ಇದು ಎಲೆಯ ಮಟ್ಟದಲ್ಲಿ ಬೇಕಾದ ಸರಾಸರಿ ಪಿಪಿಎಫ್‌ಡಿ. ಅದನ್ನು 0.72ರಿಂದ ಗುಣಿಸಿ: 175. ಆದರೆ ಲೈಟ್‌ನಿಂದ ಹೊರಟ ಬೆಳಕೆಲ್ಲ ಎಲೆಗೆ ಬರುವುದಿಲ್ಲ, ಒಂದು ಪಾಲು ಪಕ್ಕಕ್ಕೆ ಚೆಲ್ಲಿ ಹೋಗುತ್ತದೆ. ಸುತ್ತ ಬಿಳಿ ಗೋಡೆಯಿದ್ದರೆ ಐದರಲ್ಲಿ ಒಂದು ಪಾಲು ಹೋಯಿತು ಎಂದು ಹಿಡಿಯಿರಿ. 175ನ್ನು 0.8ರಿಂದ ಭಾಗಿಸಿದರೆ 219. ನಿಮ್ಮ ಲೈಟ್‌ನ ಪಿಪಿಎಫ್ ಇಷ್ಟಿರಬೇಕು. ದಕ್ಷತೆ 2.5 ಇರುವ ಲೈಟ್ ಆದರೆ 88 ವ್ಯಾಟ್ ಸಾಕು. ದಕ್ಷತೆ 1 ಇರುವ ಹಳೆಯ ಬಲ್ಬ್ ಆದರೆ 219 ವ್ಯಾಟ್ ಬೇಕು. ದಿನಕ್ಕೆ 16 ಗಂಟೆಯಂತೆ ತಿಂಗಳಿಗೆ ಮೊದಲನೆಯದು ಸುಮಾರು 42 ಯೂನಿಟ್, ಎರಡನೆಯದು ಸುಮಾರು 105 ಯೂನಿಟ್ ಕರೆಂಟ್ ತಿನ್ನುತ್ತದೆ. ಬೆಳಕು ಎರಡರಲ್ಲೂ ಅಷ್ಟೇ.

ಅದೇ ಜಾಗದಲ್ಲಿ ಮೆಣಸಿನಕಾಯಿ ಬೆಳೆಯಬೇಕಾದರೆ? ಗುರಿ 25 ಮೋಲ್, ಲೈಟ್ 14 ಗಂಟೆ. ಪಿಪಿಎಫ್‌ಡಿ ಸುಮಾರು 496, ಪಿಪಿಎಫ್ ಸುಮಾರು 446, ಒಳ್ಳೆಯ ಎಲ್‌ಇಡಿಯಲ್ಲಿ ಸುಮಾರು 180 ವ್ಯಾಟ್. ಸೊಪ್ಪಿನ ಎರಡರಷ್ಟು. ಕಾಯಿ ಗಿಡ ಬೇಕೆನ್ನುವವರಿಗೆ ನಾನು ಜಾಗವನ್ನೇ ಅರ್ಧ ಮಾಡಿ ಅನ್ನುತ್ತೇನೆ. 60 ಸೆಂ.ಮೀ. ಚೌಕದಲ್ಲಿ ಎರಡು ಗಿಡ ನೆಟ್ಟು 90 ವ್ಯಾಟ್ ಸರಿಯಾಗಿ ಕೊಟ್ಟರೆ, ದೊಡ್ಡ ಶೆಲ್ಫ್‌ನಲ್ಲಿ ಅರೆಹೊಟ್ಟೆಯ ಆರು ಗಿಡಗಳಿಗಿಂತ ಜಾಸ್ತಿ ಕಾಯಿ ಸಿಗುತ್ತದೆ.

ಆಕಾರದ ಬಗ್ಗೆ: ಚೌಕ ಜಾಗಕ್ಕೆ ಚೌಕ ಬೋರ್ಡ್, ಉದ್ದ ಶೆಲ್ಫ್‌ಗೆ ಉದ್ದ ಪಟ್ಟಿಗಳು. ಗಿಡ್ಡ ಶೆಲ್ಫ್‌ನಲ್ಲಿ ಪಟ್ಟಿಗಳೇ ವಾಸಿ, ಬೆಳಕು ಸಮವಾಗಿ ಹರಡುತ್ತದೆ, ಹತ್ತಿರ ಕಟ್ಟಬಹುದು.

ಕಟ್ಟುವುದು, ಎತ್ತರ, ಹೊತ್ತು

ಲೈಟ್ ಮೇಲೇರಿಸಿದಂತೆ ಎಲೆಗೆ ಬೀಳುವುದು ಕಡಿಮೆಯಾಗುತ್ತದೆ. ಒಂದೇ ಬಲ್ಬ್ ಆದರೆ ದೂರ ಎರಡರಷ್ಟಾದಾಗ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ. ಅಗಲದ ಬೋರ್ಡ್‌ಗಳಲ್ಲಿ ಹತ್ತಿರದಲ್ಲಿ ಅಷ್ಟು ಬೇಗ ಇಳಿಯುವುದಿಲ್ಲ. ಬೋರ್ಡ್ ಆದರೆ ಗಿಡದ ತುದಿಯಿಂದ 30ರಿಂದ 45 ಸೆಂ.ಮೀ., ಟ್ಯೂಬ್ ಅಥವಾ ಕಡಿಮೆ ವ್ಯಾಟ್‌ನ ಪಟ್ಟಿ ಆದರೆ 10ರಿಂದ 20 ಸೆಂ.ಮೀ. ಇಟ್ಟು ಶುರು ಮಾಡಿ. ಮತ್ತೆ ಒಂಬತ್ತು ಚೌಕ ಅಳೆದು ಹೊಂದಿಸಿ. ಎಳೆದು ಬಿಗಿಯುವ ಹಗ್ಗದ ಕ್ಲಿಪ್‌ಗಳಿದ್ದರೆ ವಾರಕ್ಕೊಮ್ಮೆ ಎತ್ತರ ಬದಲಿಸುವುದು ಸಲೀಸು.

ಆಮೇಲೆ ಗಿಡವೇ ಹೇಳುತ್ತದೆ. ಗೆಣ್ಣುಗಳ ನಡುವಿನ ಅಂತರ ಹೆಚ್ಚುತ್ತಿದ್ದರೆ, ಕಾಂಡ ಬಳುಕುತ್ತಿದ್ದರೆ ಬೆಳಕು ಸಾಲದು. ತುದಿಯ ಎಲೆಗಳು ಮಾತ್ರ ಬಿಳಿಚಿಕೊಂಡು, ಅಂಚು ದೋಣಿಯ ಹಾಗೆ ಮೇಲಕ್ಕೆ ಮಡಚಿದ್ದರೆ ಬೆಳಕು ಹೆಚ್ಚಾಗಿದೆ. ಕೆಳಗಿನ ಎಲೆಗಳಿಂದ ಹಳದಿ ಶುರುವಾದರೆ ಅದು ಸಾಮಾನ್ಯವಾಗಿ ಪೋಷಕಾಂಶದ ಕೊರತೆ. ಲೈಟನ್ನು ದೂರಬೇಡಿ. ಎಲೆಯ ಮಟ್ಟದಲ್ಲಿ ಅಂಗೈ ಬೆನ್ನನ್ನು ಅರ್ಧ ನಿಮಿಷ ಹಿಡಿಯಿರಿ. ಚುರುಕ್ ಅನಿಸಿದರೆ ಎಲೆಗೂ ಬಿಸಿ ಜಾಸ್ತಿ.

ಎಷ್ಟು ಹೊತ್ತು ಉರಿಸಬೇಕು? ಲೆಟಿಸ್, ಬೇಸಿಲ್‌ಗೆ 16 ಗಂಟೆ. ಮೆಣಸಿನಕಾಯಿ, ಟೊಮೆಟೊಗೆ 14ರಿಂದ 16. ಪಾಲಕ್ ಮತ್ತು ಕೊತ್ತಂಬರಿ ಹಗಲು ಉದ್ದವಾದರೆ ಎಲೆ ಬಿಡುವುದನ್ನು ನಿಲ್ಲಿಸಿ ಹೂಕಾಂಡ ಎಬ್ಬಿಸುತ್ತವೆ. ಅವಕ್ಕೆ 12 ಗಂಟೆಯೊಳಗೆ ಸಾಕು, ಬೇಕಾದರೆ ಬೆಳಕಿನ ಬಿರುಸು ಹೆಚ್ಚಿಸಿ. 24 ಗಂಟೆ ಬೇಡ. ಬಿಡುವಿಲ್ಲದ ಬೆಳಕಿನಲ್ಲಿ ಟೊಮೆಟೊ ಎಲೆ ಹಳದಿಗಟ್ಟುತ್ತದೆ. ಟೈಮರ್ ಹಾಕಿ. ದಿನಾ ನೆನಪಿಟ್ಟು ಒತ್ತುತ್ತೇನೆ ಅಂದರೆ ಮೂರನೇ ದಿನ ತಪ್ಪುತ್ತದೆ.

ಕರೆಂಟ್ ಮತ್ತು ನೀರು ಒಂದೇ ಕಡೆ

ಕುಂಡಕ್ಕೆ ನೀರು ಹಾಕುವ ಜಾಗದಲ್ಲೇ ವೈರ್‌ಗಳಿರುತ್ತವೆ. ಇಲ್ಲಿ ಉದಾಸೀನ ಸಲ್ಲದು. ಲೋಹದ ಮೈಯ ಲೈಟ್‌ಗೆ ಮೂರು ಪಿನ್‌ನ ಪ್ಲಗ್, ಸರಿಯಾದ ಅರ್ತಿಂಗ್ ಇರಲೇಬೇಕು. ಶಾಕ್ ಹೊಡೆದರೆ ತಕ್ಷಣ ಕರೆಂಟ್ ಕಡಿಯುವ ಬ್ರೇಕರ್ ಆ ಲೈನ್‌ನಲ್ಲಿ ಇರಲಿ. ಎಕ್ಸ್‌ಟೆನ್ಶನ್ ಬೋರ್ಡನ್ನು ನೆಲದ ಮೇಲೆ, ಕುಂಡದ ಕೆಳಗೆ ಇಡಬೇಡಿ, ಗೋಡೆಗೆ ಎತ್ತರದಲ್ಲಿ ಬಿಗಿಯಿರಿ. ವೈರ್ ಪ್ಲಗ್‌ಗೆ ಹೋಗುವ ಮುಂಚೆ ಒಮ್ಮೆ ಕೆಳಗೆ ಜೋತುಬಿದ್ದು ಮೇಲೇರಲಿ. ಆಗ ವೈರ್ ಗುಂಟ ಇಳಿದ ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ, ಪ್ಲಗ್ ಒಳಗೆ ಹೋಗುವುದಿಲ್ಲ. ಒಂದು ಎಕ್ಸ್‌ಟೆನ್ಶನ್ ಬೋರ್ಡ್‌ಗೆ ಇನ್ನೊಂದನ್ನು ಸಿಕ್ಕಿಸಿ ಸರಪಳಿ ಕಟ್ಟಬೇಡಿ. ಟೈಮರ್ ಕೊಳ್ಳುವಾಗ ಲೈಟ್ ಎಳೆಯುವುದಕ್ಕಿಂತ ಬಹಳ ಹೆಚ್ಚಿನ ಸಾಮರ್ಥ್ಯದ್ದನ್ನು ತನ್ನಿ. ಎಲ್‌ಇಡಿ ಡ್ರೈವರ್ ಹೊತ್ತುವ ಕ್ಷಣದಲ್ಲಿ ಒಮ್ಮೆಲೇ ಜಾಸ್ತಿ ಕರೆಂಟ್ ಎಳೆಯುತ್ತದೆ, ಸಣ್ಣ ಟೈಮರ್‌ನ ಒಳಗಿನ ಸ್ವಿಚ್ ಅಂಟಿಕೊಂಡುಬಿಡಬಹುದು. ಲೈಟನ್ನು ಎರಡು ಕೊಂಡಿಗಳಿಂದ ತೂಗುಹಾಕಿ, ಒಂದು ಕಳಚಿದರೂ ಇನ್ನೊಂದು ಹಿಡಿಯಲಿ. ಉರಿಯುವ ಲೈಟನ್ನು ಹತ್ತಿರದಿಂದ ನೇರವಾಗಿ ನೋಡಬೇಡಿ, ಮಕ್ಕಳಿದ್ದರೆ ಅವರಿಗೂ ಹೇಳಿ.

ಅಪ್‌ಗ್ರೇಡ್ ಮಾಡುವ ಕ್ರಮ

ದುಡ್ಡು ಖರ್ಚಾಗದ ಕೆಲಸ ಮೊದಲು. ಲೈಟ್ ಆರಿಸಿ, ಪ್ಲಗ್ ಕಿತ್ತು, ತಣ್ಣಗಾದ ಮೇಲೆ ಒಣ ಬಟ್ಟೆಯಲ್ಲಿ ಧೂಳು ಒರೆಸಿ. ಎತ್ತರ ಸರಿ ಮಾಡಿ. ಮೂರು ಕಡೆ ಬಿಳಿ ಹಲಗೆ ನಿಲ್ಲಿಸಿ. ಹೊಳಪಿಲ್ಲದ ಬಿಳಿ ಬಣ್ಣ ಬಿದ್ದ ಬೆಳಕಿನ ಬಹುಪಾಲನ್ನು ವಾಪಸ್ ಕೊಡುತ್ತದೆ. ಸುಕ್ಕಾದ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಗಿಂತ ಇದು ವಾಸಿ. ನನ್ನ ಎಡಮೂಲೆಯ 6,500 ಎರಡು ಬಿಳಿ ಹಲಗೆಗಳಿಂದಲೇ 9,800ಕ್ಕೆ ಏರಿತು. ಕಡಿಮೆ ಬೆಳಕು ಬೇಡುವ ಗಿಡಗಳನ್ನು ಅಂಚಿಗೂ ಹಸಿದವುಗಳನ್ನು ನಡುವೆಯೂ ಇಡಿ, ವಾರಕ್ಕೊಮ್ಮೆ ಕುಂಡ ತಿರುಗಿಸಿ.

ಮತ್ತೆ ಅಳೆಯಿರಿ. ಇನ್ನೂ ಸಾಲದಿದ್ದರೆ, ಇರುವ ಲೈಟ್‌ನ ದಕ್ಷತೆ ನೋಡಿ. ಅದು 2ಕ್ಕಿಂತ ಮೇಲಿದ್ದರೆ ಎಸೆಯಬೇಡಿ. ಕಡಿಮೆ ಇರುವ ಅಂಚುಗಳಿಗೆ ಎರಡು ಪಟ್ಟಿ ಸೇರಿಸಿ. ಅದಕ್ಕಿಂತ ಕೆಳಗಿದ್ದರೆ, ಅಥವಾ ಸಿಎಫ್‌ಎಲ್, ಸೋಡಿಯಂ ದೀಪವಾಗಿದ್ದರೆ ಪೂರ್ತಿ ಬದಲಿಸುವುದೇ ಸರಿ. ಹಳೆಯ ಸಿಎಫ್‌ಎಲ್, ಎಲ್‌ಇಡಿ ಅಲ್ಲದ ಟ್ಯೂಬ್‌ಲೈಟ್, ಸೋಡಿಯಂ ದೀಪಗಳ ಒಳಗೆ ಪಾದರಸ ಇರುತ್ತದೆ. ಒಡೆಯದಂತೆ ಸುತ್ತಿ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ, ಕಸದ ಬುಟ್ಟಿಗೆ ಹಾಕಬೇಡಿ.

ಹೊಸ ಲೈಟ್ ಹಾಕಿದ ದಿನವೇ ಪೂರ್ತಿ ಹೊತ್ತಿಸಬೇಡಿ. ಮಂದ ಬೆಳಕಿಗೆ ಹೊಂದಿಕೊಂಡ ಎಲೆ ಒಮ್ಮೆಲೇ ಎರಡರಷ್ಟು ಬೆಳಕನ್ನು ತಡೆಯಲಾರದು. ಹಳೆಯ ಲೈಟ್ ಎಷ್ಟು ಲಕ್ಸ್ ಕೊಡುತ್ತಿತ್ತೋ ಅಷ್ಟಕ್ಕೇ ಡಿಮ್ಮರ್ ತಿರುಗಿಸಿ ಶುರು ಮಾಡಿ. ಮೂರು ನಾಲ್ಕು ದಿನಕ್ಕೊಮ್ಮೆ ಹತ್ತನೇ ಒಂದು ಪಾಲು ಏರಿಸಿ. ಡಿಮ್ಮರ್ ಇಲ್ಲದಿದ್ದರೆ ಎತ್ತರಕ್ಕೆ ಕಟ್ಟಿ ನಿಧಾನವಾಗಿ ಇಳಿಸಿ.

ನೀರು, ಗೊಬ್ಬರದ ಲೆಕ್ಕವೂ ಬದಲಾಗುತ್ತದೆ. ಇದನ್ನು ಬಹಳ ಜನ ಮರೆಯುತ್ತಾರೆ. ಬೆಳಕು ಜಾಸ್ತಿಯಾದರೆ ಗಿಡ ಜಾಸ್ತಿ ಕುಡಿಯುತ್ತದೆ, ಜಾಸ್ತಿ ಉಣ್ಣುತ್ತದೆ. ಆದರೆ ಬಿಸಿ ದೀಪದಿಂದ ಎಲ್‌ಇಡಿಗೆ ಬಂದವರಲ್ಲಿ ಕೋಣೆಯೂ ಎಲೆಯೂ ತಣ್ಣಗಾಗಿ, ಮಣ್ಣು ಮೊದಲಿಗಿಂತ ನಿಧಾನವಾಗಿ ಒಣಗಬಹುದು. ಹಳೆಯ ಅಭ್ಯಾಸದಂತೆ ನೀರು ಸುರಿದರೆ ಬೇರು ಕೊಳೆಯುತ್ತದೆ. ಕುಂಡ ಎತ್ತಿ ಭಾರ ನೋಡಿ ನೀರು ಹಾಕಿ. ಲೆಟಿಸ್‌ನ ಒಳಗಿನ ಎಳೆ ಎಲೆಗಳ ಅಂಚು ಕಂದು ಆಗತೊಡಗಿದರೆ, ಬೆಳವಣಿಗೆ ವೇಗವಾಗಿ ಕ್ಯಾಲ್ಸಿಯಂ ತುದಿಗೆ ತಲುಪುತ್ತಿಲ್ಲ ಎಂದರ್ಥ. ಆಗ ಬೆಳಕನ್ನು ಸ್ವಲ್ಪ ಇಳಿಸಿ, ಒಂದು ಸಣ್ಣ ಫ್ಯಾನ್‌ನ ಗಾಳಿ ಎಲೆಗಳ ಮೇಲೆ ಮೆಲ್ಲಗೆ ಆಡುವಂತೆ ಮಾಡಿ. ಫ್ಯಾನ್ ಹೇಗೂ ಬೇಕು. ಲೈಟ್ ಎಳೆದ ಪ್ರತಿ ವ್ಯಾಟ್ ಕೊನೆಗೆ ಕೋಣೆಯಲ್ಲಿ ಬಿಸಿಯಾಗಿಯೇ ಉಳಿಯುವುದು.

ಇನ್ನೂ ಹೆಚ್ಚು, ಇನ್ನೂ ಹೆಚ್ಚು ಎಂದು ಏರಿಸುತ್ತಾ ಹೋಗುವುದರಲ್ಲಿ ಲಾಭವಿಲ್ಲ. ಸಾಮಾನ್ಯ ಗಾಳಿಯಿರುವ ಕೋಣೆಯಲ್ಲಿ 800, 1000 ಮೈಕ್ರೊಮೋಲ್ ದಾಟಿದ ಮೇಲೆ ಹೆಚ್ಚುವರಿ ಬೆಳಕಿನಿಂದ ಸಿಗುವುದು ಬಹಳ ಕಡಿಮೆ. ಸೊಪ್ಪಿಗಂತೂ ಅದರ ಕಾಲುಭಾಗ ಸಾಕು.

ಎರಡು ವಾರ ಕಳೆದ ಮೇಲೆ ಗಿಡದ ಹತ್ತಿರ ಕೂತು ಹೊಸ ಚಿಗುರನ್ನು ನೋಡಿ. ಹಳೆಯ ಎಲೆಗಳು ಬದಲಾಗುವುದಿಲ್ಲ, ಅವನ್ನು ನೋಡಿ ಬೇಜಾರಾಗಬೇಡಿ. ಹೊಸ ಲೈಟ್ ಬಂದ ದಿನ ಯಾವ ಗೆಣ್ಣು ತುದಿಯಲ್ಲಿತ್ತೋ ಅಲ್ಲಿ ಒಂದು ನೂಲು ಸಡಿಲವಾಗಿ ಕಟ್ಟಿರಿ. ನನ್ನ ಮೆಣಸಿನ ಗಿಡದಲ್ಲಿ ನೂಲಿನ ಕೆಳಗೆ ಗೆಣ್ಣಿನಿಂದ ಗೆಣ್ಣಿಗೆ ಆರು ಸೆಂಟಿಮೀಟರ್ ಇತ್ತು. ನೂಲಿನ ಮೇಲೆ ಮೂರೂವರೆ. ಕಾಂಡ ಪೆನ್ಸಿಲ್‌ನಷ್ಟು ದಪ್ಪ, ಎಲೆ ಕಡುಹಸಿರು, ಮೊದಲ ಕವಲಿನಲ್ಲಿ ಎರಡು ಮೊಗ್ಗು. ಅವತ್ತಿನ ಲಕ್ಸ್, ಲೈಟ್‌ನ ಎತ್ತರ, ತಾರೀಖು ಮೂರನ್ನೂ ಒಂದು ಪಟ್ಟಿಯಲ್ಲಿ ಬರೆದು ಅದೇ ಕುಂಡಕ್ಕೆ ಅಂಟಿಸಿದ್ದೇನೆ.